ನೂರು ಗ್ರಾಂ ಬೇಳೆಯ ಬೆಲೆ

ಸಂಜೆ ಏಳರ ಹೊತ್ತಿಗೆ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಾರ್ಮೆಂಟ್ಸ್ ಬಿಟ್ಟು ಬರುವ ಹೆಣ್ಣುಮಕ್ಕಳು, ಗಾರೆ ಕೆಲಸದವರು, ನಾಲ್ಕು ಮನೆಯ ಪಾತ್ರೆ ತಿಕ್ಕಿ ಈಗ ತಮ್ಮ ಮನೆಯ ಒಲೆ ಹಚ್ಚಲು ಹೊರಟವರು, ಎಲ್ಲರೂ ಆ ಹೊತ್ತಿಗೇ ಬರುತ್ತಾರೆ. ಮೊನ್ನೆ ನನ್ನ ಮುಂದೆ ನಿಂತಿದ್ದಾಕೆ ಕೇಳಿದ್ದು ಇಷ್ಟು: ನೂರು ಗ್ರಾಂ ತೊಗರಿಬೇಳೆ, ನೂರು ಗ್ರಾಂ ಸಕ್ಕರೆ, ಹತ್ತು ರೂಪಾಯಿಯ ಸಾಂಬಾರ್ ಪುಡಿ, ಐದು ರೂಪಾಯಿಯ ಟೀ ಪುಡಿ. ಬೇಳೆಗೆ 17, ಸಕ್ಕರೆಗೆ 6, ಒಟ್ಟು 38 ರೂಪಾಯಿ. ಮೊಬೈಲ್ ಕವರಿನೊಳಗೆ ಮಡಿಸಿಟ್ಟಿದ್ದ ಐವತ್ತರ ನೋಟು ತೆಗೆದುಕೊಟ್ಟು ಹನ್ನೆರಡು ರೂಪಾಯಿ ವಾಪಸು ಪಡೆದು ಹೋದಳು.

ನಾನು ಅದೇ ಅಂಗಡಿಯಲ್ಲಿ ಅದೇ ಮೂಟೆಯ ತೊಗರಿಬೇಳೆ ಒಂದು ಕಿಲೋ ತೆಗೆದುಕೊಂಡೆ. 135 ರೂಪಾಯಿ.

ಮನೆಗೆ ಬಂದು ಲೆಕ್ಕ ಹಾಕಿದೆ. ಆಕೆ ಕೊಟ್ಟದ್ದು ಕಿಲೋಗೆ 170ರ ದರ, ನಾನು ಕೊಟ್ಟದ್ದು 135. ತಿಂಗಳಿಗೆ ಮೂರು ಕಿಲೋ ಬೇಳೆ ಎಂದರೆ ಆಕೆಗೆ 105 ರೂಪಾಯಿ ಹೆಚ್ಚು. ಸಕ್ಕರೆ ನನಗೆ ಕಿಲೋಗೆ 46, ಆಕೆಗೆ 60. ಸಾಂಬಾರ್ ಪುಡಿಯ ಪ್ಯಾಕೆಟ್ಟಿನಲ್ಲಿ ಇದ್ದದ್ದು 16 ಗ್ರಾಂ, ಅಂದರೆ ಕಿಲೋಗೆ 625 ರೂಪಾಯಿ. ಮನೆಯಲ್ಲಿ ಹುರಿದು ಗಿರಣಿಯಲ್ಲಿ ಬೀಸಿಸಿದರೆ ಅದರ ಅರ್ಧ ಬೆಲೆಯೂ ಬೀಳುವುದಿಲ್ಲ. ಟೀ ಪುಡಿಯದ್ದೂ ಇದೇ ಕಥೆ. ನಾಲ್ಕೇ ಸಾಮಾನಿನಲ್ಲಿ ತಿಂಗಳಿಗೆ ಮುನ್ನೂರು ರೂಪಾಯಿ ಮೀರಿತು. ಕಡಿಮೆ ದುಡಿಯುವವರು ಅದೇ ಊಟಕ್ಕೆ ಹೆಚ್ಚು ಕೊಡುತ್ತಿದ್ದಾರೆ. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಭಾವಿಸಬೇಕಿಲ್ಲ. ಲೆಕ್ಕ ನಮಗಿಂತ ಚೆನ್ನಾಗಿ ಬರುತ್ತದೆ. ಕಿಲೋ ಕೊಳ್ಳುವಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿ ಇರುವುದಿಲ್ಲ, ಅಷ್ಟೇ.

ದಿನಸಿಯಲ್ಲಿ ಉಳಿತಾಯ ಮಾಡುವುದು ಹೇಗೆ ಎಂದು ಬರೆಯುವವರು ಸಾಮಾನ್ಯವಾಗಿ ಈ ಮಾತನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿಬಿಡುವುದು ಸುಲಭ. ಆದರೆ ಕಷ್ಟದ ತಿಂಗಳಲ್ಲಿ ಉಳಿಸಬೇಕಾದದ್ದು ಎಲ್ಲಿ, ಕೈ ಹಾಕಬಾರದ್ದು ಎಲ್ಲಿ ಎಂಬುದು ಮೊದಲು ತೀರ್ಮಾನವಾಗಬೇಕು. ನನ್ನ ತೀರ್ಮಾನ ಇದು: ಪ್ಯಾಕೆಟ್ಟಿನಲ್ಲಿ ಉಳಿಸಿ, ಕೊಳ್ಳುವ ರೀತಿಯಲ್ಲಿ ಉಳಿಸಿ, ಗ್ಯಾಸಿನಲ್ಲಿ ಉಳಿಸಿ. ಬೇಳೆ, ಕಾಳು, ಸೊಪ್ಪು, ಮೊಟ್ಟೆಯಲ್ಲಿ ಉಳಿಸಬೇಡಿ.

ದುಡ್ಡು ಹೋಗುತ್ತಿರುವುದು ಎಲ್ಲಿಗೆ ಎಂದು ನೋಡೋಣ. 2023–24ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಕುಟುಂಬ ತನ್ನ ಖರ್ಚಿನ ಶೇ 47ರಷ್ಟನ್ನು, ಪೇಟೆಯ ಕುಟುಂಬ ಶೇ 40ರ ಹತ್ತಿರವನ್ನು ಆಹಾರಕ್ಕೆ ಹಾಕುತ್ತಿದೆ. ಅದರೊಳಗೆ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ ಹಳ್ಳಿಯಲ್ಲಿ ಒಟ್ಟು ಖರ್ಚಿನ ಶೇ 5ರ ಆಸುಪಾಸು, ಪೇಟೆಯಲ್ಲಿ ಶೇ 4ಕ್ಕೂ ಕಡಿಮೆ. ಪಡಿತರದ ಅಕ್ಕಿ ಇದಕ್ಕೆ ಒಂದು ಕಾರಣ. ಆದರೆ ಆಹಾರದ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಪಾನೀಯ, ಸಂಸ್ಕರಿಸಿದ ತಿಂಡಿ ಮತ್ತು ಹೊರಗಿನ ಊಟದ್ದು: ಒಟ್ಟು ಖರ್ಚಿನಲ್ಲಿ ಹಳ್ಳಿಯಲ್ಲಿ ಶೇ 9.84, ಪೇಟೆಯಲ್ಲಿ ಶೇ 11.09. ಹಾಲಿಗಿಂತ ಹೆಚ್ಚು, ತರಕಾರಿಗಿಂತ ಹೆಚ್ಚು. ದುಡ್ಡು ಸೋರುತ್ತಿರುವುದು ಅನ್ನದ ಪಾತ್ರೆಯಿಂದಲ್ಲ. ಬಿಸ್ಕತ್ತು, ಚಿಪ್ಸು, ಕೂಲ್‌ಡ್ರಿಂಕ್ಸು, ಹೋಟೆಲ್ ಪಾರ್ಸೆಲ್ಲಿನಿಂದ.

ಇದನ್ನು ನಂಬಲು ಸಮೀಕ್ಷೆಯೇ ಬೇಕಿಲ್ಲ. ಒಂದು ತಿಂಗಳು ಒಂದು ನೋಟ್‌ಬುಕ್ ಅಡುಗೆಮನೆಯಲ್ಲಿ ನೇತುಹಾಕಿ, ತಿನ್ನುವುದಕ್ಕೆ ಖರ್ಚಾದ ಪ್ರತಿ ರೂಪಾಯಿಯನ್ನೂ ಬರೆಯಿರಿ. ಮಗುವಿನ ಕೈಗೆ ಕೊಟ್ಟ ಹತ್ತು ರೂಪಾಯಿಯನ್ನೂ ಬಿಡಬೇಡಿ. ನಮ್ಮ ಮನೆಯಲ್ಲಿ ಹೀಗೆ ಬರೆದಾಗ ಇಡೀ ತಿಂಗಳ ಬೇಳೆಕಾಳಿಗೆ ಆದ ಖರ್ಚಿಗಿಂತ ಸಂಜೆಯ ಕುರುಕಲು ತಿಂಡಿಗೆ ಆದದ್ದು ಹೆಚ್ಚಿತ್ತು. ದಿನಕ್ಕೆ ಇಪ್ಪತ್ತು ರೂಪಾಯಿ ಎನ್ನುವುದು ಕೈಯಲ್ಲಿರುವಾಗ ಕಾಣುವುದಿಲ್ಲ, ಕಾಗದದ ಮೇಲೆ ಆರುನೂರಾಗಿ ನಿಂತಾಗ ಕಾಣುತ್ತದೆ. ಹುರಿದ ಶೇಂಗಾ, ಪುರಿ, ಬೇಯಿಸಿದ ಹೆಸರುಕಾಳು ಡಬ್ಬಿಗೆ ಬಂದ ಮೇಲೆ ಆ ಖರ್ಚು ಮೂರರಲ್ಲಿ ಒಂದಕ್ಕೆ ಇಳಿಯಿತು.

ಬಡವರ ಮನೆಯ ಇನ್ನೊಂದು ದೊಡ್ಡ ಸೋರಿಕೆ ಮಕ್ಕಳಿಗೆಂದು ತರುವ ಚಾಕೊಲೇಟ್ ಬಣ್ಣದ ಪುಡಿಯ ಡಬ್ಬಿ. ಮಗು ಎತ್ತರ ಬೆಳೆಯಲಿ, ಚುರುಕಾಗಲಿ ಎಂದು ತಾಯಿ ತನ್ನ ಸೀರೆ ಮುಂದೂಡಿ ಅದನ್ನು ಕೊಳ್ಳುತ್ತಾಳೆ. ಹೆಲ್ತ್ ಡ್ರಿಂಕ್ ಎಂಬ ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿ ಇಲ್ಲ, ಆ ಹೆಸರಿನಡಿ ಇಂಥ ಪಾನೀಯಗಳನ್ನು ತೋರಿಸಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಈ ಸುದ್ದಿ ಆ ತಾಯಿಗೆ ತಲುಪಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದ ಅಂಶ ಇದೆ. ಅರಳಿಸಿ ಬೀಸಿದ ರಾಗಿ ಹುರಿಹಿಟ್ಟಿಗೆ ಹಾಲು, ಬೆಲ್ಲ ಕಲಸಿ ಕೊಟ್ಟರೆ ಆ ಡಬ್ಬಿಯ ದುಡ್ಡಿನ ಹಿಟ್ಟಿನಲ್ಲಿ ತಿಂಗಳುಗಳನ್ನೇ ಕಳೆಯಬಹುದು.

ಈಗ ಕೈ ಹಾಕಬಾರದ ಜಾಗಕ್ಕೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದ ವಯಸ್ಕರಿಗೆ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, ಅದರಲ್ಲಿ 100 ಗ್ರಾಂ ಸೊಪ್ಪು, 27 ಗ್ರಾಂ ಎಣ್ಣೆ ಎಂದಿದೆ. ನಾಲ್ಕು ಜನರ ಮನೆಗೆ ಗುಣಿಸಿ ನೋಡಿ. ಬೇಳೆಕಾಳು ತಿಂಗಳಿಗೆ ಹತ್ತು ಕಿಲೋ ಬೇಕು. ಮೊಟ್ಟೆ, ಮೀನು, ಮಾಂಸ ತಿನ್ನುವವರು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು, ಆದರೂ ನಮ್ಮ ಸಾಮಾನಿನ ಚೀಟಿಗಳಲ್ಲಿ ಇರುವುದು ಎರಡೋ ಮೂರೋ ಕಿಲೋ. ಎಣ್ಣೆ ಮೂರೂವರೆ ಲೀಟರ್ ಸಾಕು, ಚೀಟಿಯಲ್ಲಿ ಐದು ಇರುತ್ತದೆ. ಅಂದರೆ ಕಡಿಮೆ ಮಾಡಬಹುದಾದ ಕಡೆ ಧಾರಾಳ, ಹೆಚ್ಚು ಮಾಡಬೇಕಾದ ಕಡೆ ಬಿಗಿ.

ಬಿಗಿ ಮಾಡಿದಾಗ ಅದು ಯಾರ ತಟ್ಟೆಗೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇಳೆ ಕಡಿಮೆ ಹಾಕಿದ ದಿನ ಸಾರಿನ ತಳದ ಗಟ್ಟಿ ಮಕ್ಕಳಿಗೆ, ಗಂಡನಿಗೆ. ಕೊನೆಗೆ ಕೂರುವ ಹೆಂಗಸಿಗೆ ತಿಳಿ. ಎರಡು ಮೊಟ್ಟೆ ಇದ್ದರೆ ಆಕೆಯ ಪಾಲಿಗೆ ಮೂರನೆಯದು ಇರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ ಎಂದು ಕಂಡಿತು. ಇದಕ್ಕೆ ಕಾರಣ ಹಲವಿವೆ. ಆದರೆ ಮನೆಯ ಉಳಿತಾಯವೆಲ್ಲ ಒಬ್ಬಳ ಹೊಟ್ಟೆಯಿಂದ ಆಗುತ್ತಿದ್ದರೆ ಅದನ್ನು ಉಳಿತಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಗಾದರೆ ಗಟ್ಟಿಯೂ ಇರಬೇಕು, ಖರ್ಚೂ ಇಳಿಯಬೇಕು, ಹೇಗೆ? ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಬಸ್ಸಾರು.

ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉಳಿದವರಿಗಾಗಿ, ಮತ್ತು ಈಗಷ್ಟೇ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ದಿನಾ ಹೊರಗೆ ತಿನ್ನುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ನೂರೈವತ್ತು ಇನ್ನೂರು ಗ್ರಾಂ ಕಾಳು ರಾತ್ರಿ ನೆನೆಹಾಕಿ. ಅಲಸಂದೆಯಾಗಲಿ, ಹೆಸರುಕಾಳಾಗಲಿ, ಹುರುಳಿಯಾಗಲಿ, ಮನೆಯಲ್ಲಿ ಇದ್ದದ್ದು. ಬೆಳಿಗ್ಗೆ ನೀರು ಧಾರಾಳವಾಗಿ ಇಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ: ದಂಟು, ಕೀರೆ, ಸಬ್ಬಸಿಗೆ, ಅಥವಾ ಎಲ್ಲ ಬೆರೆತ ಬೆರಕೆ ಸೊಪ್ಪು. ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ ಬಸಿಯಿರಿ. ಕೆಳಗೆ ಇಳಿದ ನೀರೇ ಕಟ್ಟು. ಕಾಳಿನದೂ ಸೊಪ್ಪಿನದೂ ಸಾರವೆಲ್ಲ ಅದರಲ್ಲಿದೆ, ಅದನ್ನು ಚೆಲ್ಲುವ ಮಾತೇ ಇಲ್ಲ.

ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಕಾಳುಮೆಣಸು, ಜೀರಿಗೆ, ಇಷ್ಟನ್ನು ಒಂದು ಚಮಚ ಎಣ್ಣೆಯಲ್ಲಿ ಹುರಿಯಿರಿ. ಹಿಡಿ ಕಾಯಿತುರಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಬಸಿದ ಕಾಳುಸೊಪ್ಪಿನಲ್ಲೇ ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಸೌಟೇ ಸಾರಿಗೆ ಮೈ ಕೊಡುವುದು. ರುಬ್ಬಿದ್ದನ್ನು ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಮೇಲೆ ಉಳಿದ ಕಾಳುಸೊಪ್ಪಿಗೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಎರಡು ಹೊತ್ತಿನ ಸಾರು ಪಲ್ಯಕ್ಕೆ ನೂರು ರೂಪಾಯಿ ಆಗುವುದಿಲ್ಲ. ಮಾರನೆಯ ದಿನ ಮತ್ತೆ ಕಾಯಿಸಿದ ಬಸ್ಸಾರಿನ ರುಚಿ ಮೊದಲ ದಿನಕ್ಕಿಂತ ಒಂದು ಕೈ ಮೇಲೆ.

ಇದು ಯಾವ ಪೋಷಣಾ ತಜ್ಞರೂ ಕುಳಿತು ರೂಪಿಸಿದ ಅಡುಗೆಯಲ್ಲ. ಮಳೆಯನ್ನೇ ನಂಬಿದ ಹೊಲಗಳ ಊರುಗಳಲ್ಲಿ ಇದ್ದುದರಲ್ಲೇ ಮನೆಮಂದಿಯ ಹೊಟ್ಟೆ ತುಂಬಿಸಬೇಕಾದ ಹೆಂಗಸರು ಕಂಡುಕೊಂಡದ್ದು. ಹೊಲದ ಬದುವಿನ ಅಣ್ಣೆ, ಗೋಣಿ, ಹೊನಗೊನ್ನೆ ಸೊಪ್ಪಿಗೆ ಅವರು ಕಾಸು ಕೊಡಬೇಕಿರಲಿಲ್ಲ. ಉತ್ತರ ಕರ್ನಾಟಕದಲ್ಲಿ ಇದೇ ಜಾಣತನಕ್ಕೆ ಬೇರೆ ರೂಪ. ಜೋಳದ ರೊಟ್ಟಿ, ಜೋಳದ ನುಚ್ಚು ಹಾಕಿದ ಪುಂಡಿಪಲ್ಯ, ಬೇಳೆ ಕೂಡಿಸಿದ ಮುದ್ದಿಪಲ್ಯ, ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿ. ಒಮ್ಮೆ ಕುಟ್ಟಿಟ್ಟರೆ ಹದಿನೈದು ದಿನ ಪಲ್ಯದ ಚಿಂತೆ ಇಲ್ಲ. ಕರಾವಳಿ, ಮಲೆನಾಡಿನಲ್ಲಿ ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತದೆ, ಕಲ್ಲಂಗಡಿಯ ಬಿಳಿ ತಿರುಳು ದೋಸೆಯಾಗುತ್ತದೆ, ಹಲಸಿನ ಬೀಜ ಸಾರಿಗೆ ಬೀಳುತ್ತದೆ, ಹಿತ್ತಲ ಒಂದೆಲಗ ತಂಬುಳಿಯಾಗುತ್ತದೆ. ನಮ್ಮ ಅಡುಗೆ ಹೆಚ್ಚುಪಾಲು ಹುಟ್ಟಿರುವುದೇ ಕೈಬಿಗಿಯ ದಿನಗಳಲ್ಲಿ. ಅದನ್ನು ಬಿಟ್ಟು ಮೊಬೈಲಿನಲ್ಲಿ ಬಜೆಟ್ ರೆಸಿಪಿ ಹುಡುಕುವುದನ್ನು ಕಂಡಾಗ ಬೇಸರವಾಗುತ್ತದೆ.

ಕಾಳುಗಳ ಬಗ್ಗೆ ಇನ್ನೊಂದು ಮಾತು. ತೊಗರಿಬೇಳೆ ಇಲ್ಲದಿದ್ದರೆ ಸಾರೇ ಇಲ್ಲ ಎಂಬ ಹಟ ಬಿಡಬೇಕು. 2023ರಲ್ಲಿ ತೊಗರಿ ಕಿಲೋಗೆ 170 ದಾಟಿದಾಗ ಎಷ್ಟೋ ಮನೆಗಳಲ್ಲಿ ಬೇಳೆ ಅರ್ಧಕ್ಕೆ ಇಳಿಯಿತು. ಆಗಲೂ ಹುರುಳಿ ಅದರ ಅರ್ಧ ಬೆಲೆಯ ಆಸುಪಾಸಿನಲ್ಲಿ ಸಿಗುತ್ತಿತ್ತು. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ, ತೊಗರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಕುದುರೆಗೆ ಹಾಕುವ ಕಾಳು ಎಂದು ಪೇಟೆಯವರು ಹುರುಳಿಯನ್ನು ದೂರ ಇಟ್ಟರು. ಹುರುಳಿಕಟ್ಟಿನ ಸಾರು ಉಂಡವರಿಗೆ ಅದರ ಬೆಲೆ ಗೊತ್ತು. ವಾರದಲ್ಲಿ ಮೂರು ದಿನ ತೊಗರಿ, ಉಳಿದ ದಿನ ಹುರುಳಿ, ಹೆಸರು, ಅಲಸಂದೆ, ಕಡಲೆ ಎಂದು ಹಂಚಿಕೊಂಡರೆ ಯಾವುದೋ ಒಂದರ ಬೆಲೆ ಏರಿದ ವರ್ಷ ಮನೆ ಅಲ್ಲಾಡುವುದಿಲ್ಲ.

ಟೊಮೆಟೊಗೂ ಇದೇ ಮಾತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯ ಟೊಮೆಟೊ ಬಾಕ್ಸಿಗೆ ಬಂದ ಬೆಲೆ ದೇಶಕ್ಕೆಲ್ಲ ಸುದ್ದಿಯಾಯಿತು. ಪೇಟೆಯಲ್ಲಿ ಕಿಲೋಗೆ ನೂರು ದಾಟಿ ಹೋಯಿತು. ಕೆಲವೇ ತಿಂಗಳಲ್ಲಿ ಕೇಳುವವರಿಲ್ಲದೆ ಬಿತ್ತು. ಟೊಮೆಟೊ ನಮ್ಮ ಸಾರಿಗೆ ಬಂದದ್ದು ಈಚೆಗೆ. ಹುಣಸೆ, ಮಾವಿನಕಾಯಿ, ನಿಂಬೆ, ಅಮಟೆಕಾಯಿ, ಪುನರ್ಪುಳಿ, ಮಜ್ಜಿಗೆ ಇವೆಲ್ಲ ಹುಳಿಯೇ. ಬೆಲೆ ಏರಿದ ಹದಿನೈದು ದಿನ ಅವನ್ನು ಬಳಸಿದರೆ ಸಾಕು.

ಕೊಳ್ಳುವ ಕಾಲವೂ ಮುಖ್ಯ. ತೊಗರಿ ಕಲಬುರಗಿ ಕಡೆಯ ಹೊಲಗಳಿಂದ ಡಿಸೆಂಬರ್ ಕೊನೆ, ಜನವರಿಯಲ್ಲಿ ಹೊಸ ಫಸಲಾಗಿ ಬರುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತುಂಬಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಹೊಸ ಹುಣಸೆ ಬೇಸಿಗೆಯ ಬಾಗಿಲಲ್ಲಿ. ವರ್ಷದ ಸಾಮಾನು ಎಂದು ನಮ್ಮ ಹಿರಿಯರು ಯುಗಾದಿಯ ಹಿಂದುಮುಂದೆ ಖರೀದಿ ಮಾಡುತ್ತಿದ್ದುದಕ್ಕೆ ಕಾರಣ ಇದೇ. ಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ ಡಬ್ಬಿ ತುಂಬಿದರೆ, ಹುಣಸೆಯ ಬೀಜ ತೆಗೆದು ಉಪ್ಪು ಬೆರೆಸಿ ಭರಣಿಗೆ ಒತ್ತಿದರೆ ವರ್ಷ ತಡೆಯುತ್ತದೆ. ಈಗ ಒಂದು ವರ್ಷಕ್ಕೆ ಸಾಮಾನು ಇಡಲು ಮನೆಯಲ್ಲಿ ಜಾಗವಿಲ್ಲ, ಒಪ್ಪುತ್ತೇನೆ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಣಸೆ ಈ ಮೂರಕ್ಕಾದರೂ ಒಂದು ಮೂಲೆ ಸಿಕ್ಕೀತು.

ಸಾರಿನಪುಡಿಗೆ ಬೇಕಾದದ್ದು ಅರ್ಧ ಕಿಲೋ ಕೊತ್ತಂಬರಿ ಬೀಜ, ಕಾಲು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಐವತ್ತೈವತ್ತು ಗ್ರಾಂ ಜೀರಿಗೆ ಮತ್ತು ಕಾಳುಮೆಣಸು, ಇಪ್ಪತ್ತೈದು ಗ್ರಾಂ ಮೆಂತ್ಯ, ಅಷ್ಟೇ ಸಾಸಿವೆ, ಹಿಡಿ ಕರಿಬೇವು, ಇಂಗು, ಅರಿಶಿನ. ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು ಗಿರಣಿಗೆ ಕೊಟ್ಟಾಗ ಹೋದ ತಿಂಗಳು ನನಗೆ ಬೀಸುವ ಕೂಲಿಯೂ ಸೇರಿ 275 ರೂಪಾಯಿ ತಗುಲಿತು. ಬಂದದ್ದು 900 ಗ್ರಾಂ ಹತ್ತಿರ ಸಾರಿನಪುಡಿ. ಹತ್ತು ರೂಪಾಯಿಯ ಪ್ಯಾಕೆಟ್ಟಿನ ಲೆಕ್ಕದಲ್ಲಿ ಅದು 560 ರೂಪಾಯಿಯ ಪುಡಿ.

ಪ್ಯಾಕೆಟ್ ಕೊಳ್ಳಲೇಬೇಕಾದಾಗ ಹಿಂಬದಿ ನೋಡಿ. ಈಗ ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸುವುದು ಕಡ್ಡಾಯ. ಅಕ್ಷರ ಸಣ್ಣದು, ಆದರೆ ಮುಂಬದಿಯ ದೊಡ್ಡ ಬಣ್ಣದ ಅಕ್ಷರಗಳಿಗಿಂತ ಅದು ಹೇಳುವುದು ಹೆಚ್ಚು. ಬೆಲೆ ಕಡಿಮೆ ಇರುವ ಪ್ಯಾಕೆಟ್ ಯಾವಾಗಲೂ ಅಗ್ಗ ಎಂದುಕೊಳ್ಳಬೇಡಿ. ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅದರ ಪಕ್ಕದಲ್ಲೇ ನೋಡಲು ಅಷ್ಟೇ ದೊಡ್ಡದಾದ 850, 800 ಗ್ರಾಂ ಪೊಟ್ಟಣಗಳು ಐದಾರು ರೂಪಾಯಿ ಕಡಿಮೆಗೆ ಕೂತಿರುತ್ತವೆ. ಬೆಲೆ ಕಡಿಮೆ ಎಂದು ಎತ್ತಿಕೊಂಡವರು ಎಣ್ಣೆಗೆ ಹೆಚ್ಚು ಕೊಟ್ಟಿರುತ್ತಾರೆ. ಅಕ್ಕಿ, ಬೇಳೆ, ಹಿಟ್ಟನ್ನು ಪ್ಯಾಕ್ ಮಾಡಿ ಲೇಬಲ್ ಹಚ್ಚಿ ಮಾರಿದರೆ 25 ಕಿಲೋವರೆಗೆ ಶೇ 5 ಜಿಎಸ್‌ಟಿ ಇದೆ, 2022ರ ಜುಲೈ 18ರಿಂದ. ಮೂಟೆಯಿಂದ ಬಿಡಿಯಾಗಿ ತೂಗಿಸಿಕೊಂಡರೆ ಆ ತೆರಿಗೆ ಇಲ್ಲ. ಕಲ್ಲು, ಹುಳ ನೋಡಿಕೊಳ್ಳುವ ಹತ್ತು ನಿಮಿಷ ನಮ್ಮದು. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತರುವ ಆ್ಯಪ್‌ಗಳಲ್ಲಿ ಬಿಲ್ಲಿನ ಕೊನೆಯ ನಾಲ್ಕು ಸಾಲು ಓದಿ. ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರಿನ ಶುಲ್ಕ ಎಲ್ಲ ಸೇರಿದಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಬೆಲೆ ಎಷ್ಟಾಯಿತು ಎಂಬುದು ಅಲ್ಲಿದೆ.

ಗ್ಯಾಸಿನ ವಿಷಯ. 14.2 ಕಿಲೋದ ಸಿಲಿಂಡರ್ ಇಪ್ಪತ್ತೈದು ದಿನಕ್ಕೆ ಮುಗಿಯುವ ಮನೆಯಲ್ಲಿ ಅದನ್ನು ಮೂವತ್ತೈದಕ್ಕೆ ಎಳೆಯುವುದು ಸಾಧ್ಯ, ನಾನು ಮಾಡಿ ನೋಡಿದ್ದೇನೆ. ಕಾಳು ನೆನೆಹಾಕದೆ ಬೇಯಿಸಬಾರದು. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಗೆ ಕಾಯುತ್ತದೆ, ಅದಕ್ಕೇ ಬೇಗ ಬೇಯುವುದು. ಹಾಗಿರುವಾಗ ಬೇಳೆಗಾಗಿ ಒಂದು ಸಲ, ಅನ್ನಕ್ಕಾಗಿ ಮತ್ತೊಂದು ಸಲ ಅದನ್ನು ಏರಿಸುವುದು ಏಕೆ? ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಬೇಯಿಸಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಬೇಳೆ ಪೂರ್ತಿ ಬೇಯುವ ಮುನ್ನ ಹುಣಸೆರಸ, ಟೊಮೆಟೊ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಗಟ್ಟಿಯಾಗಿ ನಿಂತುಬಿಡುತ್ತದೆ, ಅರ್ಧಗಂಟೆ ಹೆಚ್ಚು ಉರಿ ಬೇಕಾಗುತ್ತದೆ. ಅಂಗಡಿಯವನು ಹಳೆಯ ಬೇಳೆ ಕೊಟ್ಟಿದ್ದರೂ ಹಾಗೇ ಆಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಕಾಳು ತಂದು ಗ್ಯಾಸಿನಲ್ಲಿ ಅದರ ದುಪ್ಪಟ್ಟು ಕಳೆದವರನ್ನು ಕಂಡಿದ್ದೇನೆ.

ಚೆಲ್ಲುವ ಲೆಕ್ಕವನ್ನೂ ಹೇಳಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ ಎಂದು ಅಂದಾಜು ಮಾಡಿದೆ. ಸಿಪ್ಪೆ, ಮೂಳೆ ಎಲ್ಲ ಸೇರಿದ ಲೆಕ್ಕ ಅದು. ಬಡವರ ಮನೆಯಲ್ಲಿ ಚೆಲ್ಲುವುದು ಕಡಿಮೆ. ಮಧ್ಯಮ ವರ್ಗದ ಫ್ರಿಜ್ಜಿನ ಕೆಳಗಿನ ಟ್ರೇ ತೆರೆದರೆ ಕೊಳೆತ ಕೊತ್ತಂಬರಿ, ಬಾಡಿದ ಬೀನ್ಸ್ ಸಿಗುತ್ತವೆ. ಸಂತೆಗೆ ಹೊರಡುವ ಮುನ್ನ ಆ ಟ್ರೇ ನೋಡಿ ಹೋಗಬೇಕು, ಬಂದ ಮೇಲಲ್ಲ. ಉಳಿದ ಮುದ್ದೆ ಮಜ್ಜಿಗೆಯಲ್ಲಿ ಅಂಬಲಿಯಾಗಲಿ, ಉಳಿದ ರೊಟ್ಟಿ ಒಗ್ಗರಣೆಗೆ ಬೀಳಲಿ. ಅನ್ನದ ವಿಷಯದಲ್ಲಿ ಮಾತ್ರ ಎಚ್ಚರ: ಬೇಸಿಗೆಯಲ್ಲಿ ಇಡೀ ದಿನ ಹೊರಗೆ ಬಿಟ್ಟ ಅನ್ನವನ್ನು ಚಿತ್ರಾನ್ನ ಮಾಡಿದರೂ ಅದರ ವಿಷ ಹೋಗುವುದಿಲ್ಲ, ವಾಂತಿ ಭೇದಿ ಆಗಬಹುದು. ಉಳಿಯುತ್ತದೆ ಎಂದು ಕಂಡ ಕೂಡಲೇ ಆರಿಸಿ ಫ್ರಿಜ್ಜಿಗೆ ಇಡಿ. ಫ್ರಿಜ್ ಇಲ್ಲದಿದ್ದರೆ ಅಳತೆ ನೋಡಿ ಕಡಿಮೆ ಮಾಡಿ.

ಪಡಿತರವನ್ನು ನಾಚಿಕೆಯ ವಿಷಯ ಎಂದುಕೊಂಡು ಬಿಡುವವರು ಈಗಲೂ ಇದ್ದಾರೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಈ ರಾಜ್ಯದ ಲಕ್ಷಾಂತರ ಮನೆಗಳಲ್ಲಿ ಅಕ್ಕಿಯ ಚಿಂತೆ ತಪ್ಪಿದೆ. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳವೂ ಬರುತ್ತದೆ. ಕಾರ್ಡ್ ಇದ್ದರೆ ತಪ್ಪದೆ ತನ್ನಿ. ಆ ಅಕ್ಕಿಯನ್ನು ಹತ್ತು ಹನ್ನೆರಡು ರೂಪಾಯಿಗೆ ದಲ್ಲಾಳಿಗೆ ಮಾರಿ, ಐವತ್ತು ಅರವತ್ತರ ಅಕ್ಕಿ ತರುವುದು ಮಾತ್ರ ಯಾವ ಲೆಕ್ಕದಿಂದಲೂ ಸರಿ ಹೋಗುವುದಿಲ್ಲ. ಅನ್ನಕ್ಕೆ ಒಗ್ಗದಿದ್ದರೆ ಉದ್ದು, ಮೆಂತ್ಯ ಸೇರಿಸಿ ದೋಸೆ, ಇಡ್ಲಿಗೆ ನೆನೆಹಾಕಿ. ಅದಕ್ಕೆ ಅದು ಚೆನ್ನಾಗಿಯೇ ಆಗುತ್ತದೆ.

ಇನ್ನು, ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದಾಕೆಯ ವಿಷಯ. ವರ್ಷದ ಸಾಮಾನು, ಮೂಟೆಯ ಬೇಳೆ, ಗಿರಣಿಯ ಸಾರಿನಪುಡಿ ಇವೆಲ್ಲ ಆಕೆಗೂ ಗೊತ್ತು. ಬೇಕಾದದ್ದು ತಿಂಗಳ ಮೊದಲ ದಿನ ಕೈಯಲ್ಲಿ ಎರಡು ಸಾವಿರ ರೂಪಾಯಿ. ಅದಕ್ಕೆ ದಾರಿ ಇದೆ. 2000–01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗಿನಿಂದ ಊರೂರಲ್ಲಿ ಸಂಘಗಳಿವೆ. ಮಕ್ಕಳ ಫೀಸಿಗೆ, ಹಬ್ಬಕ್ಕೆ ಸಾಲ ತೆಗೆಯುವ ಹಾಗೆ ದಿನಸಿಗೂ ಸಂಘದ ಹಣ ತೆಗೆಯಬಹುದು. ನಮ್ಮ ಪಕ್ಕದ ವಠಾರದ ಐದು ಮನೆಯವರು ಹೋದ ದೀಪಾವಳಿಯಿಂದ ಇದನ್ನೇ ಮಾಡುತ್ತಿದ್ದಾರೆ. ಸಂಘದಿಂದ ಹಣ ತೆಗೆದು, ಇಬ್ಬರು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ, ಬೇಳೆ, ಕಾಳು, ಮೆಣಸಿನಕಾಯಿ, ಬೆಲ್ಲ ಸಗಟಾಗಿ ತಂದು, ವರಾಂಡದಲ್ಲಿ ತಕ್ಕಡಿ ಇಟ್ಟು ಹಂಚಿಕೊಳ್ಳುತ್ತಾರೆ. ಆಟೋ ಬಾಡಿಗೆ ಐದು ಪಾಲು. ವಾರವಾರ ನೂರಿನ್ನೂರು ಕಟ್ಟಿ ತೀರಿಸುತ್ತಾರೆ. ಮೊದಲ ತಿಂಗಳು ಮನೆಗೆ ಮುನ್ನೂರರಿಂದ ನಾನೂರು ರೂಪಾಯಿ ಉಳಿಯಿತಂತೆ. ಅದರಲ್ಲಿ ವಾರಕ್ಕೆ ಒಂದು ಡಜನ್ ಮೊಟ್ಟೆ ತರುತ್ತೇವೆ, ನಾವೂ ತಿನ್ನುತ್ತೇವೆ ಎಂದು ಅವರಲ್ಲೊಬ್ಬರು ಹೇಳಿದರು.

ಈ ಅಂಕಣ ಓದುವ ಸಂಬಳದಾರರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಕೆಲಸದಾಕೆಗೆ, ಅಡುಗೆಯವರಿಗೆ, ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ತಿಂಗಳ ಹಣವನ್ನು ಹತ್ತನೇ ತಾರೀಖಿಗೆ, ಐನೂರು ಐನೂರಾಗಿ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿ. ಒಂದನೇ ತಾರೀಖಿಗೆ, ಒಟ್ಟಿಗೆ, ಅಂಗಡಿ ತೆರೆದಿರುವ ಹೊತ್ತಿಗೆ ಕೊಡಿ. ಅವರು ಬೇಳೆಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳಲಿ.